ಗುಳಿಗೆ ಭಾಲ್ಕಿಯಲ್ಲಿ, ಗ್ಲಾಸು ಔರಾದಿನಲ್ಲಿ

ನಮ್ಮ ಜಿಲ್ಲೆಯಲ್ಲಿ ಕುಡುಕರೇ ಇಲ್ಲ. ಐವತ್ತೆಂಟು ವರ್ಷ ಇಲ್ಲೇ ಇದ್ದು ಹೇಳುತ್ತಿರುವ ಮಾತು ಇದು. ಬೀದರಿನ ಮನುಷ್ಯ ಬೀದರಿನಲ್ಲಿ ಕುಡಿಯುವುದಿಲ್ಲ, ಭಾಲ್ಕಿಗೆ ಹೋಗುತ್ತಾನೆ. ಭಾಲ್ಕಿಯವನು ಭಾಲ್ಕಿಯಲ್ಲಿ ಮುಟ್ಟುವುದಿಲ್ಲ, ಔರಾದಿನ ಬಸ್ಸು ಹಿಡಿಯುತ್ತಾನೆ. ಔರಾದಿನವನಿಗೆ ಬೀದರಿನ ಕೋರ್ಟಿನಲ್ಲಿ ಕೆಲಸ ಇರುತ್ತದೆ, ಆ ಕೋರ್ಟು ಸಂಜೆಗೆ ಶುರುವಾಗುತ್ತದೆ. ಹೀಗೆ ಮೂರೂ ಊರಿನ ಮಾನ ಉಳಿದಿದೆ, ಬಸ್ಸುಗಳಿಗೆ ಮಂದಿಯೂ ಸಿಗುತ್ತಾರೆ. ಸ್ವಂತ ಊರಿನಲ್ಲೇ ಕುಡಿದು ಬೀಳುವವನು ಬಸ್ ಚಾರ್ಜಿಗೂ ಗತಿಯಿಲ್ಲದ ಬಡವ ಮಾತ್ರ. ಅವನನ್ನು ಎಲ್ಲರೂ ಕೂಡಿ ಕುಡುಕ ಎನ್ನುತ್ತೇವೆ.

ನನ್ನದು ಬೀದರಿನ ಗಾಂಧಿ ಗಂಜಿನಲ್ಲಿ, ಕಾಳಿನ ಪೇಟೆಯಲ್ಲಿ, ಗೋಣಿಚೀಲದ ಅಂಗಡಿ. ಅಕ್ಕನನ್ನು ಭಾಲ್ಕಿಗೆ ಕೊಟ್ಟಿದೆ. ಅವಳ ಗಂಡ ಹೈಸ್ಕೂಲಿನ ಹೆಡ್ ಮಾಸ್ತರರಾಗಿ ನಿವೃತ್ತರಾದವರು. ಅಕ್ಕನ ಗಂಡನನ್ನು ನಾನು ಮಾವ ಎಂದೇ ಕರೆಯುತ್ತೇನೆ. ಹಣೆಗೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೋಮವಾರಕ್ಕೊಮ್ಮೆ ಶರಣರ ಗೋಷ್ಠಿಯಲ್ಲಿ ಬಸವಣ್ಣನ ವಿಚಾರ ಕುರಿತು ಮಾತು. ದಾರಿಯಲ್ಲಿ ಹೊರಟರೆ ಹಳೆಯ ವಿದ್ಯಾರ್ಥಿಗಳು ಬೈಕು ನಿಲ್ಲಿಸಿ ಇಳಿಯುತ್ತಿದ್ದರು. ಸಾಲೆಯವರು ವ್ಯಸನಮುಕ್ತಿ ಕಾರ್ಯಕ್ರಮಕ್ಕೆ ಎರಡು ಸಲ ಅವರನ್ನೇ ಅಧ್ಯಕ್ಷರನ್ನಾಗಿ ಕರೆದಿದ್ದರು. ಎರಡೂ ಭಾಷಣ ನಾನು ಕೇಳಿದ್ದೇನೆ. ಬಹಳ ಚೆನ್ನಾಗಿದ್ದವು, ವಿಷಯ ಅವರಿಗೆ ಒಳಗಿನಿಂದ ಗೊತ್ತಿತ್ತು.

ಹದಿನೈದು ದಿನಕ್ಕೊಂದು ಭಾನುವಾರ ಮಾವ ಭಾಲ್ಕಿಯಿಂದ, ನಾನು ಬೀದರಿನಿಂದ ಹೊರಟು ಔರಾದಿನಲ್ಲಿ ಕೂಡುತ್ತಿದ್ದೆವು. ಮನೆಯಲ್ಲಿ ಮಾವ ಹೇಳುತ್ತಿದ್ದುದು, ಬೀದರಿಗೆ ಹೋಗಿ ನಿನ್ನ ತಮ್ಮನ ಅಂಗಡಿಯಲ್ಲಿ ನಾಲ್ಕು ತಾಸು ಕೂತು ಬರುತ್ತೇನೆ ಎಂದು. ನಡುವೆ ಅಕ್ಕ ಫೋನ್ ಮಾಡಿದರೆ ಸಂಭಾಳಿಸುವುದು ನನ್ನ ಜವಾಬ್ದಾರಿ. ಆ ಕಲೆಯಲ್ಲಿ ನಾನು ಬಹಳ ಮುಂದೆ ಹೋಗಿದ್ದೆ. ಔರಾದಿನ ಬಾರಿನ ಹಿತ್ತಲಿಗೆ ಹೋಗಿ ನಿಂತು, ಇಲ್ಲದ ಹಮಾಲರಿಗೆ ಚೀಲ ಇತ್ತ ಹಾಕ್ರಿ, ಅತ್ತ ಹಾಕ್ರಿ ಎಂದು ಕೂಗಿ, ಆಮೇಲೆ ಫೋನಿಗೆ ಬಾಯಿ ಕೊಟ್ಟು, ಮಾವ ಇಲ್ಲೇ ಪೇಪರ್ ಓದುತ್ತಿದ್ದಾರೆ ಅಕ್ಕಾ ಎನ್ನುತ್ತಿದ್ದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನೋಡಿ ನಗುವ ಜನ ನಾವು.

ಆರು ವರ್ಷದ ಹಿಂದೆ ಮಾವನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಭಾಲ್ಕಿಯ ಡಾಕ್ಟರರ ಹತ್ತಿರ ನಾವು ಮೂವರು ಹೋದೆವು. ಕೋಣೆಯ ಒಳಗೆ ಒಂಬತ್ತು ಮಂದಿ ಇದ್ದರು. ನಮ್ಮ ಕಡೆ ಡಾಕ್ಟರರ ಕೋಣೆಗೆ ಬಾಗಿಲಿನ ಬದಲು ಪರದೆ ಇರುತ್ತದೆ, ಪರದೆಯ ಒಳಗೆ ಒಂದು ಬೆಂಚು ಇರುತ್ತದೆ. ಆ ಬೆಂಚಿನ ಮೇಲೆ ಮುಂದಿನ ನಂಬರಿನವರು, ಅದರ ಮುಂದಿನವರು, ಅವರ ಸಂಗಡ ಬಂದವರು ಕೂತು ನಿಮ್ಮ ರೋಗವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಳ್ಳುತ್ತಾರೆ. ಅರ್ಥವಾಗದಿದ್ದರೆ ತಿರುಗಿ ಕೇಳುತ್ತಾರೆ. ಮೂಲವ್ಯಾಧಿ ಇದ್ದವನೂ ಅಲ್ಲೇ ಹೇಳಬೇಕು. ಡಾಕ್ಟರರು ಬರೆಯುತ್ತಾ, ತಲೆ ಎತ್ತದೆ, ಚಟ ಏನಾದರೂ ಇದೆಯೇ ಎಂದು ಕೇಳಿದರು. ಮಾವ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು.

"ಏನೂ ಇಲ್ರಿ. ಚಾ ಸುದ್ದಾ ಎರಡೇ ಹೊತ್ತು ಕುಡೀತಾರ್ರಿ."

ಬೆಂಚಿನ ಮೇಲಿದ್ದ ಹಿರಿಯರೊಬ್ಬರು, ಮಾಸ್ತರರಂಥ ಮನುಷ್ಯರಿಗೇ ಈ ರೋಗ ಬಂದರೆ ನಮ್ಮಂಥವರ ಪಾಡೇನು ಎಂದು ಮರುಗಿದರು. ಇನ್ನೊಬ್ಬರು ಮಾವನ ಹತ್ತಿರ ಕಲಿತವರಂತೆ, ಎದ್ದು ಕಾಲು ಮುಟ್ಟಿದರು. ಇಷ್ಟು ಸಾಕ್ಷಿ ಆದ ಮೇಲೆ ಡಾಕ್ಟರರು ಚಟ ಎಂಬಲ್ಲಿ ಒಂದು ಗೆರೆ ಎಳೆದು ಗುಳಿಗೆ ಬರೆದರು. ಮುಂಜಾನೆ ಊಟಕ್ಕೆ ಮೊದಲು ಒಂದು, ಗುಳಿಗೆ ನುಂಗಿದ ಮೇಲೆ ಊಟ ತಪ್ಪಿಸಲೇಬಾರದು ಎಂದರು. ಮಾವ ತಲೆ ತಗ್ಗಿಸಿ ಕೂತಿದ್ದರು. ಹಿಂದಿನ ಭಾನುವಾರವಷ್ಟೇ ನಾವಿಬ್ಬರೂ ಔರಾದಿನಲ್ಲಿದ್ದೆವು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ.

ಅಂಥ ಕೋಣೆಯಲ್ಲಿ ಯಾವ ಗಂಡಸು ನಿಜ ಹೇಳುತ್ತಾನೆ? ಹೇಳಿದರೆ ಅವನ ರೋಗ ವಾಸಿಯಾಗುವ ಮೊದಲೇ ಮಗಳ ಸಂಬಂಧ ಮುರಿದಿರುತ್ತದೆ. ಆದ್ದರಿಂದ ಡಾಕ್ಟರರು ಸಂಭಾವಿತನೊಬ್ಬನಿಗೆ ಔಷಧ ಬರೆಯುತ್ತಾರೆ, ಅದನ್ನು ನುಂಗುವವನು ಬೇರೆಯೇ ಮನುಷ್ಯನಾಗಿರುತ್ತಾನೆ.

ಔಷಧದ ಅಂಗಡಿಯವರೂ ಏನು ಕಡಿಮೆಯಲ್ಲ. ಗುಳಿಗೆಯ ಪಟ್ಟಿಯ ಹಿಂದೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿರುತ್ತದೆ. ನೀವು ಐದು ಗುಳಿಗೆ ಕೇಳಿದರೆ ಅವರು ಕತ್ತರಿಯಿಂದ ಪಟ್ಟಿಯನ್ನು ಕಚಕ್ ಎಂದು ಕತ್ತರಿಸುತ್ತಾರೆ. ಗುಳಿಗೆ ನಿಮ್ಮ ಪಾಲಿಗೆ, ಎಚ್ಚರಿಕೆಯ ಮಾತು ಮುಂದಿನ ಗಿರಾಕಿಯ ಪಾಲಿಗೆ.

ಮೊದಲ ಸಲ ಗುಳಿಗೆ ಶುರುವಾದ ಮೇಲೆ ಔರಾದಿಗೆ ಹೋದಾಗ ನನಗೆ ಸ್ವಲ್ಪ ಅಳುಕಿತ್ತು. ಮಾವನನ್ನು ಕೇಳಿದೆ. ಗಣಿತದ ಮಾಸ್ತರರು ಅವರು, ಉತ್ತರ ಸಿದ್ಧವಿತ್ತು.

"ಗುಳಿಗಿ ಮುಂಜಾನಿ ಎಂಟಕ್ಕ ಭಾಲ್ಕ್ಯಾಗ ಹೋಗ್ಯದ, ಇದು ಹನ್ನೆರಡಕ್ಕ ಔರಾದದಾಗ ಬರ್ತದ. ಅವೆರಡೂ ಭೇಟಿನೇ ಆಗೂದಿಲ್ಲ ತಮ್ಮಾ."

ಹೊಟ್ಟೆಯೊಳಗೂ ತಾಲೂಕಿನ ಗಡಿ ಇರುತ್ತದೆ ಎಂದು ನಂಬಿದ ಮನುಷ್ಯನ ಮುಂದೆ ನಾನೇನು ಹೇಳಲಿ? ನಾನೂ ನಂಬಿದೆ. ನಂಬಿದರೆ ನನಗೂ ಅನುಕೂಲವಿತ್ತು, ಒಬ್ಬನೇ ಕುಡಿಯಲು ನನಗೆ ಬೇಜಾರು.

ಬಾರಿನಲ್ಲಿ ಕೂತವರೆಲ್ಲ ಒಂದಿಲ್ಲೊಂದು ಗುಳಿಗೆಯವರೇ. ಅಲ್ಲಿ ಸಿಗುವಷ್ಟು ವೈದ್ಯಕೀಯ ಜ್ಞಾನ ದೊಡ್ಡ ಕಾಲೇಜಿನಲ್ಲೂ ಸಿಗಲಾರದು. ಬಿಪಿ ಗುಳಿಗೆಯ ಒಬ್ಬ ಕಂತ್ರಾಟುದಾರ, ಕುಡಿಯುವ ದಿನ ಗುಳಿಗೆ ತಗೊಳ್ಳುವುದನ್ನೇ ಬಿಟ್ಟಿದ್ದ. ಎರಡೂ ಕೂಡಬಾರದು ಎಂದು ಡಾಕ್ಟರರು ಹೇಳಿದ್ದಾರೆ, ನಾನು ಡಾಕ್ಟರರ ಮಾತು ಮೀರುವವನಲ್ಲ ಎನ್ನುತ್ತಿದ್ದ. ವಸಡು ಬಾತು ಔಷಧ ತಗೊಳ್ಳುತ್ತಿದ್ದ ಇನ್ನೊಬ್ಬ, ಎರಡು ಗುಟುಕಿಗೇ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಕಕ್ಕಿ ಕಕ್ಕಿ ಸೋತು ಹೋದ. ಮುಂದಿನ ಸಲ ಬಂದು, ಅಂದು ಶೇಂಗಾ ಕೆಟ್ಟಿತ್ತು ಎಂದು ಬಾರಿನ ಮಾಲಕನ ಸಂಗಡ ಜಗಳ ತೆಗೆದ.

ಮಾವ ಮಾತ್ರ ಆ ಶೇಂಗಾ ಮುಟ್ಟಿದವರಲ್ಲ. ಇದನ್ನು ಸರಿಯಾಗಿ ಹೇಳಬೇಕು, ಏಕೆಂದರೆ ಮುಂದಾದದ್ದಕ್ಕೆ ಇದೇ ಮೂಲ. ಆ ಬಾರಿನ ಅಡುಗೆಮನೆಯಲ್ಲಿ ಮಟನ್ ಬೇಯುತ್ತದೆ. ಅದೇ ಬಾಣಲೆಯಲ್ಲಿ ಶೇಂಗಾ ಹುರಿಯುತ್ತಾರೆ, ಅದೇ ಚಾಕುವಿನಿಂದ ಉಳ್ಳಾಗಡ್ಡಿ ಹೆಚ್ಚುತ್ತಾರೆ. ಲಿಂಗ ಕಟ್ಟಿಕೊಂಡ ಮನುಷ್ಯ ಅದನ್ನು ತಿನ್ನುವುದು ಹೇಗೆ? ಮಾವ ಅಲ್ಲಿ ಒಂದು ಕಾಳನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಗ್ಲಾಸು ಸಹ ಮನೆಯಿಂದಲೇ ತರುತ್ತಿದ್ದರು, ಸ್ಟೀಲಿನದು, ಬಿಳಿ ವಸ್ತ್ರದಲ್ಲಿ ಸುತ್ತಿ. ಸುರುವಿಕೊಂಡು ಕುಡಿದು, ನೀರು ಹಾಕಿ ತೊಳೆದು, ತಿರುಗಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. ಊಟ ಏನಿದ್ದರೂ ನಾಲ್ಕು ಗಂಟೆಗೆ ಮನೆ ಮುಟ್ಟಿದ ಮೇಲೆ, ಅಕ್ಕನ ಕೈಯ ರೊಟ್ಟಿ. ಧರ್ಮ ಕೆಡದಂತೆ ಕುಡಿಯುವ ಈ ಶಿಸ್ತಿಗೆ ಬಾರಿನ ಮಾಲಕನೂ ಕೈ ಮುಗಿಯುತ್ತಿದ್ದ. ಮುಂಜಾನೆ ಗುಳಿಗೆ, ಮಧ್ಯಾಹ್ನ ವಿಸ್ಕಿ, ನಡುವೆ ಖಾಲಿ ಹೊಟ್ಟೆ. ಹೀಗೇ ನಡೆದಿತ್ತು.

ಶ್ರಾವಣದಲ್ಲಿ ಮಾವ ಒಂದು ತಿಂಗಳು ಮುಟ್ಟುವವರಲ್ಲ. ರಕ್ತ ಪರೀಕ್ಷೆಗೆ ಹೋಗುವುದೂ ಶ್ರಾವಣ ಮುಗಿಯುವ ವಾರದಲ್ಲೇ. ಆಗ ಎಲ್ಲ ಸರಿಯಾಗಿ ಬರುತ್ತಿತ್ತು, ಡಾಕ್ಟರರು ಬೆನ್ನು ತಟ್ಟಿ ಕಳಿಸುತ್ತಿದ್ದರು. ಕಳೆದ ವರ್ಷ ಅಕ್ಕ ಯಾಕೋ ಯುಗಾದಿ ಹೊತ್ತಿಗೇ ಹಟ ಹಿಡಿದು ಕರೆದುಕೊಂಡು ಹೋದಳು. ಸಕ್ಕರೆ ಏರಿತ್ತು. ಸಿಹಿ ತಿಂತೀರೇನು ಎಂದು ಡಾಕ್ಟರರು ಬೆಂಚಿನವರ ಮುಂದೆಯೇ ಗದರಿಸಿದರಂತೆ. ಮಾವನಿಗೆ ಅದು ಬಹಳ ಅವಮಾನವಾಯಿತು. ನನಗೆ ಹೇಳಿಕೊಂಡು ನೊಂದರು.

ಯುಗಾದಿಯ ನಂತರ ಒಂದು ಹೊಸ ಲಕ್ಷಣ ಕಂಡಿತು. ಔರಾದಿನ ಬಸ್ ಸ್ಟ್ಯಾಂಡಿಗೆ ನಡೆದು ಬರುವಷ್ಟರಲ್ಲಿ ಮಾವನ ಕೈ ನಡುಗುತ್ತಿತ್ತು, ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟುತ್ತಿತ್ತು. ಕುಡಿದದ್ದು ಬೆವರಾಗಿ ಹೊರಗೆ ಹೋಗುತ್ತಿದೆ, ಒಳ್ಳೆಯದೇ ಎಂದುಕೊಂಡೆವು. ಸ್ಟ್ಯಾಂಡಿನಲ್ಲಿ ಸಕ್ಕರೆ ಹಾಕಿದ ಒಂದು ಚಹಾ ಕುಡಿದರೆ ಹತ್ತು ನಿಮಿಷದಲ್ಲಿ ಸರಿಯಾಗುತ್ತಿದ್ದರು. ಸಕ್ಕರೆ ರೋಗಿಯೊಬ್ಬ ಸಕ್ಕರೆ ತಿಂದು ಸುಧಾರಿಸುವುದನ್ನು ನಾಲ್ಕೈದು ಸಲ ಕಣ್ಣಾರೆ ಕಂಡೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಚೀಲದ ತೂತು ಹುಡುಕುವ ಕಣ್ಣು ನನ್ನದು, ಅದು ಚೀಲಕ್ಕಷ್ಟೇ ಸೀಮಿತ.

ಆಷಾಢದ ಕೊನೆಯ ಭಾನುವಾರ ಬಂತು. ಗಡಿಯಾಚೆಯ ಮರಾಠಿ ಕಡೆಯಿಂದ ನಮಗೆ ಬಂದಿರುವ ಒಂದು ರೂಢಿ ಇದೆ, ಗಟಾರಿ ಅಮಾವಾಸ್ಯೆ ಎಂದು. ಶ್ರಾವಣ ಹಿಡಿಯುವ ಮುನ್ನ, ಗಟಾರದಲ್ಲಿ ಬೀಳುವಷ್ಟು ತಿಂದು ಕುಡಿದು ಬಿಡುವುದು. ಮುಂದಿನ ಒಂದು ತಿಂಗಳ ಪುಣ್ಯಕ್ಕೆ ಇದು ಪೀಠಿಕೆ. ಪಂಚಾಂಗದಲ್ಲಿ ಇಂಥ ಹಬ್ಬ ಇಲ್ಲ, ಆದರೆ ಇದನ್ನು ಮರೆತವರನ್ನು ನಾನು ಕಂಡಿಲ್ಲ. ಮಾವ ಅಂದು ಬಸ್ಸು ತಪ್ಪುತ್ತದೆ ಎಂದು ನಾಷ್ಟಾ ಸಹ ಮಾಡದೆ ಹೊರಟು ಬಂದಿದ್ದರು. ಹೊರಗೆ ಜಿಟಿಜಿಟಿ ಮಳೆ. ಬಾರಿನ ತಗಡಿನ ಕೆಳಗೆ ಜಾಗ ಸಿಗದಷ್ಟು ಮಂದಿ, ಎಲ್ಲರೂ ಬೇರೆ ಬೇರೆ ಊರಿನ ಸಂಭಾವಿತರು. ಎಂದೂ ಎರಡು ಪೆಗ್ ದಾಟದ ಮಾವ ಅಂದು ನಾಲ್ಕನೆಯದಕ್ಕೆ ಕೈ ಹಾಕಿದರು.

ಒಂದು ಗಂಟೆಯ ಸುಮಾರಿಗೆ ಅವರು ಎದ್ದು ನಿಂತು ಹಾಜರಿ ಕರೆಯಲು ಶುರು ಮಾಡಿದರು. ರೋಲ್ ನಂಬರ್ ಒಂದು, ಎಂದರು, ಹೆಡ್ ಮಾಸ್ತರರ ಗಂಭೀರ ಧ್ವನಿಯಲ್ಲಿ. ಮೂಲೆಯಿಂದ ಯಾರೋ ಹಾಜರ್ ಸರ್ ಎಂದ. ಎರಡು ಎಂದರು, ಇನ್ನೊಬ್ಬ ಹಾಜರ್ ಎಂದ. ಇಡೀ ಬಾರು ನಗುತ್ತಾ ಹಾಜರಿ ಕೊಡತೊಡಗಿತು. ನಾನೂ ನಕ್ಕೆ, ಆರನೆಯ ನಂಬರು ನಾನೇ ಆದೆ. ಅವರ ಮುಖದಿಂದ ಬೆವರು ಹನಿ ಹನಿ ಇಳಿಯುತ್ತಿತ್ತು, ಕಣ್ಣು ನನ್ನನ್ನು ನೋಡುತ್ತಿದ್ದರೂ ಗುರುತು ಹಿಡಿದಂತಿರಲಿಲ್ಲ. ಹನ್ನೊಂದು ಎಂದವರು ಹನ್ನೆರಡು ಎನ್ನಲಿಲ್ಲ. ಹಾಗೇ ಗೋಡೆ ಹಿಡಿದು ಕೆಳಗೆ ಜಾರಿದರು.

ಮಾಲಕ ಗಾಬರಿಯಾಗಲಿಲ್ಲ. ಈ ದಿನ ಹೀಗೆ ಬಹಳ ಮಂದಿ ಮಲಗುತ್ತಾರೆ, ಒಂದೆರಡು ತಾಸಿನಲ್ಲಿ ತಾವೇ ಏಳುತ್ತಾರೆ ಎಂದ. ಒಳ್ಳೆಯ ಮನುಷ್ಯ ಅವನು, ತಾನೇ ಒಳಗೆ ಹೋಗಿ ಲಿಂಬೆ ಶರಬತ್ತು ಮಾಡಿಸಿಕೊಂಡು ಬಂದ. ಮಾವ ಆಗಿನ್ನೂ ಅರೆಗಣ್ಣು ತೆರೆದಿದ್ದರು, ಕೊಟ್ಟರೆ ಗುಟುಕರಿಸುವಷ್ಟು ಎಚ್ಚರವಿತ್ತು. ನಾನು ಆ ಶರಬತ್ತಿನ ರುಚಿ ನೋಡಿದೆ. ಎರಡು ಚಮಚ ಸಕ್ಕರೆ ಬಿದ್ದಿತ್ತು. ಇವರಿಗೆ ಸಕ್ಕರೆ ಕಾಯಿಲೆ ಇದೆ, ಕೊಲ್ಲಬೇಕೆಂದಿದ್ದೀರಾ ಎಂದು ಅವನನ್ನು ಬೈದು, ಗ್ಲಾಸು ಹಿಂದೆ ಕಳಿಸಿ, ಉಪ್ಪು ಹಾಕಿದ್ದು ತರಿಸಿ ಕುಡಿಸಿದೆ. ಈ ಒಂದು ಕೆಲಸ ನೆನಪಾದರೆ ನನಗೆ ಇಂದಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅರ್ಧ ತಾಸು ಕಳೆಯಿತು. ಕೂಗಿದರೆ ಓ ಎನ್ನಲಿಲ್ಲ, ಚಿವುಟಿದರೆ ಕೈ ಎಳೆದುಕೊಳ್ಳಲಿಲ್ಲ. ಮೈ ಮಳೆಯಲ್ಲಿ ನೆನೆದ ಚೀಲದಂತೆ ತಣ್ಣಗಿತ್ತು. ಆಗ ನನಗೆ ಹೆದರಿಕೆಯಾಯಿತು. ಆಸ್ಪತ್ರೆ ಔರಾದಿನಲ್ಲೇ ಇತ್ತು, ಹತ್ತು ನಿಮಿಷದ ದಾರಿ. ನಾನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಅಲ್ಲಿ ಚೀಟಿಯ ಮೇಲೆ ಕುಡಿದಿದ್ದಾರೆ ಎಂದು ಬರೆಯುತ್ತಾರೆ, ಔರಾದಿನಲ್ಲಿ ಬಿದ್ದರು ಎಂದು ಊರಿಗೆಲ್ಲ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದೆ. ಮಾವನ ಜೀವ ಮತ್ತು ಮಾವನ ಮಾನ ಎರಡರಲ್ಲಿ ನಾನು ಮಾನವನ್ನು ಎತ್ತಿಕೊಂಡು ಭಾಲ್ಕಿಗೆ ಹೊರಟೆ. ನನ್ನ ಮಾನವೂ ಅದರಲ್ಲಿ ಸೇರಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಬಾಡಿಗೆ ಕಾರಿನಲ್ಲಿ ಹಿಂದಿನ ಸೀಟಿಗೆ ಅವರನ್ನು ಮಲಗಿಸಿ, ತಲೆ ನನ್ನ ತೊಡೆಯ ಮೇಲಿಟ್ಟುಕೊಂಡೆ. ದಾರಿಯಲ್ಲಿ ನಾನು ಮಾಡಿದ ಉಪಚಾರ ಕೇಳಿ. ಅವರ ಅಂಗಿಯ ಮೇಲೆ ಪೌಡರು ಸುರಿದೆ. ವಿಭೂತಿ ಬೆವರಿಗೆ ಅಳಿಸಿತ್ತು, ತಿದ್ದಿ ಹಚ್ಚಿದೆ. ವಾಸನೆ ಬರದಂತೆ ಬಾಯಿಗೆ ಬಡೇಸೋಪಿನ ಕಾಳು ಹಾಕಲು ದವಡೆ ಬಿಡಿಸುತ್ತಿದ್ದಾಗ, ಕನ್ನಡಿಯಲ್ಲಿ ನೋಡುತ್ತಿದ್ದ ಡ್ರೈವರ್ ಗಾಡಿಯನ್ನು ಬದಿಗೆ ನಿಲ್ಲಿಸಿಬಿಟ್ಟ.

"ಏನ್ ಮಾಡ್ಲಿಕ್ಕತ್ತೀರಿ? ಗಂಟಲದಾಗ ಸಿಕ್ಕೊಂಡ್ರ ಹೋಗೇ ಬಿಡ್ತಾರ. ಮೊದಲ ಉಸಿರ ನೋಡ್ರಿ, ವಾಸನಿ ಆಮ್ಯಾಲ ನೋಡ್ರಿ."

ಬಡೇಸೋಪು ಕಿಟಕಿಯಿಂದ ಹೊರಗೆ ಚೆಲ್ಲಿದೆ. ಆಮೇಲೆ ಭಾಲ್ಕಿ ಬರುವವರೆಗೂ ಮೂಗಿನ ಮುಂದೆ ಬೆರಳು ಹಿಡಿದುಕೊಂಡೇ ಕೂತಿದ್ದೆ. ಉಸಿರು ಬರುತ್ತಿತ್ತು. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ, ಇನ್ನು ಕುಡಿಯುವುದಿಲ್ಲ ಎಂದೆ, ಹಾಗೆ ಹೇಳುತ್ತಿದ್ದ ನನ್ನ ಬಾಯಿಯೇ ವಾಸನೆ ಹೊಡೆಯುತ್ತಿತ್ತು.

ಅಕ್ಕನಿಗೆ ದಾರಿಯಲ್ಲೇ ಫೋನ್ ಮಾಡಿದ್ದೆ. ಬೀದರಿನಲ್ಲಿ ನನ್ನ ಅಂಗಡಿಯ ಮುಂದೆ ಚಕ್ಕರ್ ಬಂದು ಬಿದ್ದರು ಎಂದು ಹೇಳಿದ್ದೆ. ನಾವು ಮುಟ್ಟುವಷ್ಟರಲ್ಲಿ ಆಸ್ಪತ್ರೆಯ ಬಾಗಿಲಿಗೆ ಅಕ್ಕ, ಓಣಿಯವರು, ಗೋಷ್ಠಿಯ ಹಿರಿಯರು ಎಲ್ಲ ನೆರೆದಿದ್ದರು. ಅದು ಒಂದು ಚಿಕ್ಕ ಖಾಸಗಿ ಆಸ್ಪತ್ರೆ, ಅಂದು ಇದ್ದವರು ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಡಾಕ್ಟರಮ್ಮ. ಏನಾಯಿತು ಎಂದು ಕೇಳಿದರು. ಬಿಸಿಲು ಬಡಿದಿದೆ ಎಂದೆ. ಅವರು ಒಮ್ಮೆ ಕಿಟಕಿಯಾಚೆ ಸುರಿಯುತ್ತಿದ್ದ ಮಳೆಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಮಾವನ ಬೆರಳು ಚುಚ್ಚಿ ರಕ್ತ ತೆಗೆದರು. ಯಂತ್ರದಲ್ಲಿ ಮೂವತ್ತೆರಡು ಎಂದು ತೋರಿಸಿತು. ಕೂಡಲೇ ಓಡಾಟ ಶುರುವಾಯಿತು. ರಕ್ತದಲ್ಲಿ ಸಕ್ಕರೆಯೇ ಇಲ್ಲದಂತಾಗಿದೆ, ಇನ್ನೂ ತಡವಾಗಿದ್ದರೆ ಮಿದುಳಿಗೆ ಪೆಟ್ಟಾಗುತ್ತಿತ್ತು, ಜೀವಕ್ಕೇ ಬರುತ್ತಿತ್ತು ಎಂದರು. ನರಕ್ಕೆ ಗ್ಲೂಕೋಸ್ ಚುಚ್ಚಿದರು. ನಾನು ಔರಾದಿನಲ್ಲಿ ಹಿಂದೆ ಕಳಿಸಿದ್ದ ಸಕ್ಕರೆಯನ್ನೇ ಅವರು ಸೂಜಿಯಿಂದ ಹಾಕುತ್ತಿದ್ದರು.

ಸ್ವಲ್ಪ ಹೊತ್ತಿಗೆ ಮಾವ ಕಣ್ಣು ಬಿಟ್ಟರು. ಎಲ್ಲರೂ ಶರಣು ಶರಣು ಎಂದರು. ಇನ್ನೇನು, ಮನೆಗೆ ಕರೆದುಕೊಂಡು ಹೋಗೋಣ, ನಾಳೆ ಗೋಷ್ಠಿಗೆ ಅವರೇ ಮಾತಾಡಬೇಕು ಎಂದು ಹಿರಿಯರೊಬ್ಬರು ಅವಸರ ಮಾಡಿದರು. ಡಾಕ್ಟರಮ್ಮ ಅಕ್ಕನನ್ನು ಕೇಳಿದರು, ಇವರು ಕುಡಿಯುತ್ತಾರೇನು ಎಂದು. ಮೂಗಿಗೆ ಗೊತ್ತಾದದ್ದನ್ನು ಬಾಯಿಂದ ಹೇಳಿಸಬೇಕಿತ್ತೋ ಏನೋ. ಅಕ್ಕ ಸೆರಗು ಸರಿಪಡಿಸಿಕೊಂಡು ಇಲ್ಲ ಎಂದಳು. ಓಣಿಯವರು ಒಂದೇ ದನಿಯಲ್ಲಿ ಇಲ್ಲ ಎಂದರು. ಹಿರಿಯರು ಸಿಟ್ಟಾಗಿ, ಯಾರ ಬಗ್ಗೆ ಕೇಳುತ್ತಿದ್ದೀರಿ ಎಂಬ ಎಚ್ಚರ ಇರಲಿ ಎಂದರು. ವಾಸನೆ ಬರುತ್ತಿದೆಯಲ್ಲ ಎಂದು ಡಾಕ್ಟರಮ್ಮ ಅಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ವಾಸನೆಗೆ ಒಬ್ಬ ವಾರಸುದಾರ ಸಿಕ್ಕಿದ್ದಕ್ಕೆ ಅವರ ಮುಖದ ಮೇಲೆ ಸಮಾಧಾನ ಕಂಡಿತು.

ಆಗ ಡಾಕ್ಟರಮ್ಮ ಸಮಾಧಾನದಿಂದ ಒಂದು ಮಾತು ತಿಳಿಸಿ ಹೇಳಿದರು. ಹೊಟ್ಟೆ ಖಾಲಿ ಇದ್ದಾಗ ಲಿವರು ತನ್ನಲ್ಲಿರುವ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಕುಡಿದಾಗ ಅದು ಆ ಕೆಲಸ ಬಿಟ್ಟು ಕುಡಿದದ್ದನ್ನು ಸೋಸಲು ಹೋಗುತ್ತದೆ. ಇತ್ತ ಗುಳಿಗೆ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಮುಂಜಾನೆಯ ಗುಳಿಗೆಯ ಜೋರು ದಿನಪೂರ್ತಿ ಇರುತ್ತದೆ, ನಾಲ್ಕು ತಾಸಿಗೆ ಮುಗಿಯುವುದಲ್ಲ. ಕುಡಿದಿಲ್ಲವಾದರೆ ಒಂದು ರಾತ್ರಿ ನೋಡಿ ಮನೆಗೆ ಕಳಿಸಬಹುದು. ಕುಡಿದಿದ್ದರೆ ಮನೆಗೆ ಹೋಗಿ ಮಲಗಿದ ಮೇಲೆ ಸಕ್ಕರೆ ತಿರುಗಿ ಇಳಿದು ಏಳದೇ ಹೋಗಬಹುದು. ಅದಕ್ಕೇ ಕೇಳುತ್ತಿದ್ದೇನೆ ಎಂದರು.

ಮಾವ ಮಲಗಿದಲ್ಲೇ ನನ್ನನ್ನು ನೋಡುತ್ತಿದ್ದರು. ಹೇಳಬೇಡ ಎಂದು ಆ ಕಣ್ಣು ಬೇಡುತ್ತಿತ್ತು.

"ಕುಡದಾರ್ರಿ," ಎಂದೆ. "ನಾನೂ ಕುಡದೇನಿ. ಔರಾದದಾಗ. ಮುಂಜಾನಿಂದ ಏನೂ ತಿಂದಿಲ್ಲ ಅವರು."

ಕೋಣೆಯಲ್ಲಿ ಯಾರೂ ಮಾವನ ಮೇಲೆ ಸಿಟ್ಟಾಗಲಿಲ್ಲ. ಹಿರಿಯರು ನನ್ನ ಹತ್ತಿರ ಬಂದು, ನೀನು ಕುಡಿದಿದ್ದರೆ ನಿನ್ನದು ಹೇಳು, ದೇವರಂಥವರ ಹೆಸರು ಏಕೆ ಕೆಡಿಸುತ್ತೀ ಎಂದರು. ಓಣಿಯ ಒಬ್ಬಳು ಹೆಣ್ಣುಮಗಳು, ಗಂಜಿನವರ ಸಹವಾಸವೇ ಹೀಗೆ ಎಂದಳು. ಕುಡಿದು ಸ್ವಲ್ಪದರಲ್ಲಿ ಉಳಿದವರು ಹಾಸಿಗೆಯ ಮೇಲೆ, ಅದನ್ನು ಹೇಳಿದ ನಾನು ಕಟಕಟೆಯಲ್ಲಿ. ಆದರೆ ಡಾಕ್ಟರಮ್ಮ ಬರೆದುಕೊಂಡರು, ಎರಡು ದಿನ ಇಲ್ಲೇ ಇರಲಿ, ತಾಸಿಗೊಮ್ಮೆ ನೋಡುತ್ತೇವೆ ಎಂದರು. ಅಕ್ಕ ನನ್ನ ಮುಖ ನೋಡಲಿಲ್ಲ.

ಐದು ಗಂಟೆಗೆ ಮಾವ ಮತ್ತೆ ಬೆವರತೊಡಗಿದರು. ಮಾತು ತೊದಲಿತು. ಚುಚ್ಚಿ ನೋಡಿದರೆ, ಗ್ಲೂಕೋಸ್ ಹೋಗುತ್ತಿದ್ದರೂ ಸಕ್ಕರೆ ತಿರುಗಿ ನಲವತ್ತರ ಕೆಳಗೆ ಬಂದಿತ್ತು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಚೀಟಿ ನೋಡಿದರು, ಗುಳಿಗೆ ಒಂದೇ ಬರೆದಿದೆ, ಒಂದಕ್ಕೆ ಇಷ್ಟು ಇಳಿಯಬಾರದು ಎಂದರು. ಗುಳಿಗೆ ಒಂದೇ ತಗೊಂಡಿರೇನು ಎಂದು ಮಾವನನ್ನು ಕೇಳಿದರು. ಅವರಿಗೆ ಉತ್ತರ ಹೇಳುವಷ್ಟು ಎಚ್ಚರ ಇರಲಿಲ್ಲ. ಇದ್ದರೂ ಅವರು ಎಣಿಸಿ ನುಂಗಿದವರಲ್ಲ, ಅಕ್ಕ ಅಂಗೈಯಲ್ಲಿ ಹಾಕಿದ್ದನ್ನು ನೀರಿನ ಸಂಗಡ ನುಂಗುವವರು. ನಾನು, ಒಂದೇ ಇರಬೇಕು ಎಂದೆ. ಸರಿಯಾಗಿ ಹೇಳಿ, ಇದರ ಮೇಲೆ ಬೇರೆ ಔಷಧ ಕೊಡಬೇಕಾಗುತ್ತದೆ ಎಂದು ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದರು.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಓಣಿಯವರಿದ್ದರು, ಹಿರಿಯರಿದ್ದರು, ಪಕ್ಕದ ಹಾಸಿಗೆಯ ರೋಗಿಯ ಮನೆಯವರು ನಾಲ್ಕು ಮಂದಿ ಇದ್ದರು. ಎಲ್ಲರ ಮುಂದೆ ಹೇಳಿದಳು.

"ಎರಡ್ರಿ. ಔರಾದಕ್ಕ ಹೋಗೋ ದಿನ ನಾನೇ ಎರಡು ಕೊಡ್ತೇನಿ."

ಅಕ್ಕ ನಿಂತಲ್ಲೇ ನಿಧಾನವಾಗಿ ಹೇಳುತ್ತಾ ಹೋದಳು. ಅಂಗಿ ಒಗೆಯುವಾಗ ಜೇಬಿನಲ್ಲಿ ಔರಾದಿನ ಬಸ್ ಟಿಕೆಟು ಸಿಗುತ್ತಿತ್ತು. ಗುಳಿಗೆ ಶುರುವಾಗುವ ಮೊದಲಿನಿಂದಲೂ ಅವಳಿಗೆ ಗೊತ್ತಿತ್ತು. ಯುಗಾದಿಯಲ್ಲಿ ಸಕ್ಕರೆ ಏರಿದಾಗ, ಕುಡಿದದ್ದರಿಂದಲೇ ಏರಿದೆ ಎಂದುಕೊಂಡಳು. ಡಾಕ್ಟರರನ್ನು ಕೇಳೋಣ ಎಂದರೆ ಬೆಂಚಿನ ಮೇಲೆ ಮಂದಿ. ಗಂಡನನ್ನು ಕೇಳೋಣ ಎಂದರೆ, ತಾನು ಬೀದರಿಗೆ ಹೋಗುತ್ತೇನೆ ಎನ್ನುವ ಮನುಷ್ಯ. ಕುಡಿದು ಏರಿಸಿಕೊಂಡು ಬರುವವರಿಗೆ ಮೊದಲೇ ಒಂದು ಗುಳಿಗೆ ಹೆಚ್ಚು ಕೊಟ್ಟರೆ ಸರಿಯಾದೀತು ಎಂದು ಅವಳೇ ತೀರ್ಮಾನ ಮಾಡಿದಳು. ತಿರುಗಿ ಬಂದವರು ಬೆವರಿದ್ದನ್ನು ಕಂಡರೆ ಇನ್ನೂ ಏರಿದೆ ಎಂದು ಹೆದರುತ್ತಿದ್ದಳು. ಈ ಮಾತಿನ ನಡುವೆ ಒಮ್ಮೆಯೂ ಅಳಲಿಲ್ಲ. ಡಾಕ್ಟರಮ್ಮ ಅವಳ ಕೈಯನ್ನೊಮ್ಮೆ ಹಿಡಿದು ಬಿಟ್ಟು, ಒಳಗೆ ಹೋಗಿ ಬೇರೆ ಇಂಜೆಕ್ಷನ್ ತಂದರು. ಹಿರಿಯರು ಗೋಷ್ಠಿಯ ಮಾತು ಎತ್ತದೆ ಛತ್ರಿ ತೆಗೆದುಕೊಂಡು ಹೊರಟರು.

ಮಾವ ಉಳಿದರು. ಮೂರನೆಯ ದಿನ ಡಾಕ್ಟರಮ್ಮ ಚೀಟಿ ಬರೆಯುವಾಗ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು, ಮಾವನೊಬ್ಬರನ್ನೇ ಕೂಡಿಸಿಕೊಂಡು ಮಾತಾಡಿದರು. ನಮ್ಮ ಊರಿನಲ್ಲಿ ಡಾಕ್ಟರರ ಕೋಣೆಯ ಬಾಗಿಲು ಮುಚ್ಚಿದ್ದನ್ನು ನಾನು ಅದೇ ಮೊದಲು ಕಂಡದ್ದು. ಹೊರಗಿದ್ದವರಿಗೆ ಬಹಳ ಬೇಸರವಾಯಿತು.

ನಾನು ಮತ್ತು ಅಕ್ಕ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆವು. ಅವಳು ಊಟದ ಡಬ್ಬಿ ತೊಳೆದು ಒರೆಸುತ್ತಿದ್ದಳು. ಮೂರು ದಿನದಿಂದ ನನ್ನ ಸಂಗಡ ಒಂದು ಮಾತೂ ಆಡಿರಲಿಲ್ಲ. ನಾನೇ ಧೈರ್ಯ ಮಾಡಿ ಕೇಳಿದೆ, ಎಲ್ಲ ಗೊತ್ತಿದ್ದೂ ನನ್ನನ್ನಾದರೂ ಒಮ್ಮೆ ಏಕೆ ಕೇಳಲಿಲ್ಲ ಎಂದು.

"ಕೇಳಿದ್ರ ನೀ ಇನ್ನೊಂದು ಸುಳ್ಳ ಹೇಳ್ತಿದ್ದಿ ತಮ್ಮಾ," ಎಂದಳು. "ಆ ಸುಳ್ಳ ನೋಡಿ ನಾ ಅವರಿಗಿ ಎಷ್ಟು ಗುಳಿಗಿ ಕೊಡ್ಬೇಕಾಗಿತ್ತು?"

ಡಬ್ಬಿ ಕೊಡು, ನಾನು ಹಿಡಿಯುತ್ತೇನೆ ಎಂದು ಕೈ ಚಾಚಿದೆ. ಅವಳು ಕೊಡಲಿಲ್ಲ.